ತಿಂಗಳಿಗೊಂದು ಪುಸ್ತಕ ಕಳಿಸುವ ಡಾಲಿ ಪಾರ್ಟನ್ ಯಾರು?

ಪ್ರಶ್ನೆ: ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಕಡೆ ಇರುವವರು ಮಗು ಹುಟ್ಟಿದ ಕೂಡಲೇ ‘ಡಾಲಿ ಪಾರ್ಟನ್ ಪುಸ್ತಕ’ಕ್ಕೆ ಹೆಸರು ಬರೆಸಿ ಅನ್ನುತ್ತಾರೆ. ಇವರು ಹಾಡುಗಾರ್ತಿ ಅಲ್ಲವೇ? ಆಮೇಲೆ ಏನಾದರೂ ದುಡ್ಡು ಕೇಳುತ್ತಾರಾ?

ಉತ್ತರ: ಈಗಲೂ ಕೇಳುವುದಿಲ್ಲ, ಆಮೇಲೂ ಕೇಳುವುದಿಲ್ಲ. ಹಾಡುಗಾರ್ತಿ ಪುಸ್ತಕ ಯಾಕೆ ಹಂಚುತ್ತಾರೆ ಅನ್ನುವುದಕ್ಕೆ ಅವರ ಬಾಲ್ಯ ನೋಡಬೇಕು.

ಹುಟ್ಟಿದ್ದು 1946ರ ಜನವರಿ 19ರಂದು, ಪೂರ್ವ ಟೆನೆಸಿಯ ಸೆವಿಯರ್ ಕೌಂಟಿಯ ಬೆಟ್ಟದ ಸೀಮೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಆ ಅಪ್ಪನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಹಾಡು ಬಂದದ್ದು ತಾಯಿಯ ಕಡೆಯಿಂದ. ಎಂಟನೇ ವಯಸ್ಸಿಗೆ ಸೋದರಮಾವ ಬಿಲ್ ಓವೆನ್ಸ್ ಗಿಟಾರ್ ಕೊಟ್ಟರು. ಹತ್ತರ ಹೊತ್ತಿಗೆ ನಾಕ್ಸ್‌ವಿಲ್ ನಗರದಲ್ಲಿ ಕ್ಯಾಸ್ ವಾಕರ್ ಎಂಬ ದಿನಸಿ ವ್ಯಾಪಾರಿ ನಡೆಸುತ್ತಿದ್ದ ರೇಡಿಯೊ, ಟಿವಿ ಕಾರ್ಯಕ್ರಮದಲ್ಲಿ ಹಾಡುತ್ತಿದ್ದರು. 1959ರಲ್ಲಿ ಮೊದಲ ರೆಕಾರ್ಡ್ ಬಂತು, ಅದೇ ವರ್ಷ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯನ್ನೂ ಏರಿದರು. ಅಷ್ಟಾದರೂ ಶಾಲೆ ಬಿಡಲಿಲ್ಲ. 1964ರಲ್ಲಿ ಹೈಸ್ಕೂಲ್ ಮುಗಿಸಿ, ಮರುದಿನವೇ ನ್ಯಾಶ್‌ವಿಲ್‌ಗೆ ಹೊರಟರು. 1967ರಲ್ಲಿ ಕಂಟ್ರಿ ಹಾಡುಗಾರ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮ ಸೇರಿದರು. ಅವರನ್ನು ಬಿಟ್ಟು ಸ್ವಂತ ದಾರಿ ಹಿಡಿಯುವಾಗ ಬರೆದದ್ದೇ ‘ಐ ವಿಲ್ ಆಲ್ವೇಸ್ ಲವ್ ಯು’. ಹಾಡುಗಾರ ಎಲ್ವಿಸ್ ಪ್ರೆಸ್ಲಿ ಅದನ್ನು ಹಾಡಬೇಕಾದರೆ ಪ್ರಕಾಶನದ ಹಕ್ಕಿನಲ್ಲಿ, ಅಂದರೆ ಹಾಡಿನಿಂದ ಬರುವ ಗಳಿಕೆಯ ಹಕ್ಕಿನಲ್ಲಿ, ಅರ್ಧ ಕೊಡಬೇಕೆಂದು ಎಲ್ವಿಸ್ ಮ್ಯಾನೇಜರ್ ಕೇಳಿದಾಗ ಡಾಲಿ ಒಪ್ಪಲಿಲ್ಲ. 1992ರಲ್ಲಿ ಹಾಡುಗಾರ್ತಿ ವಿಟ್ನಿ ಹ್ಯೂಸ್ಟನ್ ಅದನ್ನು ಹಾಡಿದಾಗ ಆ ಹಕ್ಕು ಇಡಿಯಾಗಿ ಡಾಲಿಯ ಕೈಯಲ್ಲೇ ಇತ್ತು. ಹಾಡು ಬರೆಯುವ ಮಕ್ಕಳಿರುವ ಮನೆಯವರು ಇದನ್ನು ಖಂಡಿತ ನೆನಪಿಡಬೇಕು.

ಓದು ಬಾರದ ಆ ಅಪ್ಪನೇ ಡಾಲಿ 1995ರಲ್ಲಿ ತಮ್ಮ ಕೌಂಟಿಯಲ್ಲಿ ಶುರು ಮಾಡಿದ ‘ಇಮ್ಯಾಜಿನೇಶನ್ ಲೈಬ್ರರಿ’ಗೆ ಪ್ರೇರಣೆ. ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕವನ್ನು ಉಚಿತವಾಗಿ ಅಂಚೆಯಲ್ಲಿ ಕಳಿಸುವ ಯೋಜನೆ ಇದು. ಈಗ ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಲ್ಲೂ ಇದೆ.

ಇನ್ನೊಂದು ಉತ್ತರ: ಹೆಸರು ಬರೆಸುವ ಕ್ರಮ ಹೀಗೆ. ಇಮ್ಯಾಜಿನೇಶನ್ ಲೈಬ್ರರಿಯ ಜಾಲತಾಣದಲ್ಲಿ ದೇಶ ಆರಿಸಿ, ಪಿನ್‌ಕೋಡ್ ಹಾಕಿ. ನಿಮ್ಮ ಪ್ರದೇಶಕ್ಕೆ ಸ್ಥಳೀಯ ಸಂಸ್ಥೆಯೊಂದು ಜೊತೆಯಾಗಿದ್ದರೆ ಮಾತ್ರ ಮುಂದಿನ ಪುಟ ತೆರೆಯುತ್ತದೆ. ಟೆನೆಸಿಯಲ್ಲಿ ಎಲ್ಲ ಕೌಂಟಿಗಳಲ್ಲೂ ಇದೆ. ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ ಕೊಟ್ಟರೆ ಸಾಕು, ಆದಾಯ ಕೇಳುವುದಿಲ್ಲ. ಮೊದಲ ಪುಸ್ತಕ ಬರಲು ಸುಮಾರು ಎರಡು ತಿಂಗಳಾಗುತ್ತದೆ, ಗಾಬರಿ ಬೇಡ. ಐದು ವರ್ಷ ತುಂಬಿದಾಗ ನಿಲ್ಲುತ್ತದೆ. ಹುಟ್ಟಿದಾಗಲೇ ಸೇರಿಸಿದರೆ ಸುಮಾರು 60 ಪುಸ್ತಕ ಸಿಗುತ್ತವೆ. ಮೂರನೇ ವರ್ಷಕ್ಕೆ ಸೇರಿಸಿದರೆ ಹಿಂದಿನವು ಬರುವುದಿಲ್ಲ.

ಎಡವಟ್ಟಾಗುವುದು ವಿಳಾಸದಲ್ಲಿ. ಅಪಾರ್ಟ್‌ಮೆಂಟ್ ನಂಬರ್ ಬಿಟ್ಟುಹೋದರೆ ಪುಸ್ತಕ ತಲುಪುವುದಿಲ್ಲ. ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಹೇಳಿದ್ದೇವಲ್ಲ ಎಂದು ಸುಮ್ಮನಿರಬೇಡಿ, ಲೈಬ್ರರಿಯ ಜಾಲತಾಣದ ನಿಮ್ಮ ಖಾತೆಯಲ್ಲೂ ಬದಲಿಸಿ. ಬೇರೆ ಕೌಂಟಿಗೆ ಹೋದರೆ ಅಲ್ಲಿ ಸೌಲಭ್ಯ ಇದೆಯೇ ಎಂದು ಮತ್ತೆ ನೋಡಬೇಕು.

ಮತ್ತೊಂದು ಉತ್ತರ: ಇದರಲ್ಲಿ ಕನ್ನಡ ಪುಸ್ತಕ ಬರುವುದಿಲ್ಲ. ಆದರೆ ಎರಡು ವರ್ಷದೊಳಗಿನವರಿಗೆ ಬರುವುದು ಬಹುತೇಕ ಚಿತ್ರಗಳೇ, ಮಾತು ಕಮ್ಮಿ. ಇಂಗ್ಲಿಷ್ ಸಾಲನ್ನು ಅನುವಾದ ಮಾಡುತ್ತಾ ಕೂರಬೇಡಿ, ಓದು ತಡವರಿಸಿ ಮಗು ಎದ್ದು ಹೋಗುತ್ತದೆ. ಚಿತ್ರ ತೋರಿಸಿ “ನಾಯಿಮರಿ ಎಲ್ಲಿ ಬಚ್ಚಿಟ್ಟುಕೊಂಡಿದೆ?” ಎಂದು ಕನ್ನಡದಲ್ಲೇ ಕೇಳಿ. ಅಜ್ಜಿ ತಾತ ಬಂದಿದ್ದಾಗ ಅವರ ಕೈಗೇ ಪುಸ್ತಕ ಕೊಡಿ. ಇಂಗ್ಲಿಷ್ ಓದಲು ಬರಬೇಕೆಂದೇನಿಲ್ಲ, ಚಿತ್ರ ನೋಡಿ ಅವರೇ ಕಥೆ ಕಟ್ಟುತ್ತಾರೆ.

ನಿಮ್ಮ ಊರಿನಲ್ಲಿ ಸೌಲಭ್ಯ ಇಲ್ಲದಿದ್ದರೆ, ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿರುವ ಕನ್ನಡ ಸಂಘವೂ ಸ್ಥಳೀಯ ಜೊತೆಗಾರನಾಗಲು ಅರ್ಜಿ ಹಾಕಬಹುದು. ಪುಸ್ತಕದ ಸಗಟು ಬೆಲೆ, ಅಂಚೆ ವೆಚ್ಚ ಸಂಘದ್ದು. ನಮ್ಮ ಮಕ್ಕಳಿಗೆ ಮಾತ್ರ ಎಂದು ಸೀಮಿತ ಮಾಡುವಂತಿಲ್ಲ, ಆ ಪ್ರದೇಶದ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ತೆರೆದಿರಬೇಕು. ಹಾಗಾಗಿ ಮೊದಲು ಅಷ್ಟು ಮಕ್ಕಳ ಲೆಕ್ಕ ಹಾಕಿ, ಒಂದು ವರ್ಷದ ದುಡ್ಡು ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ.