ಗಾಣದ ಡ್ರೈವ್‌ಗೆ ಕೆಪಾಸಿಟರ್ ಬೇಕಾ?

ಗುಂಪು: ಮಂಡ್ಯ ಮನೆಯವರು

ದೊಡ್ಡಪ್ಪ: (ಫಾರ್ವರ್ಡ್) “ಮೋಟಾರಿನ ವೇಗ ಬದಲಿಸುವ ಡ್ರೈವ್ ಪೆಟ್ಟಿಗೆಯಿಂದ ಮೋಟಾರಿಗೆ ಹೋಗುವ ಮೂರು ವೈರಿಗೂ ಕೆಪಾಸಿಟರ್ ಕಟ್ಟಿ. ಬಿಲ್ ಅರ್ಧ!”

ದೊಡ್ಡಪ್ಪ: ಹಳೆಯ ಕೆಪಾಸಿಟರ್ ಅಟ್ಟದ ಮೇಲಿದೆ. ನಾಳೆ ಕಬ್ಬಿನ ಗಾಣದ ಮೋಟಾರಿಗೆ ಕಟ್ಟಿಸುತ್ತೇನೆ.

ನಾನು: ಬೇಡ ದೊಡ್ಡಪ್ಪ! ಡ್ರೈವೇ ಹೋಗುತ್ತದೆ.

ಚಿಕ್ಕಪ್ಪ: ಸ್ಟಾರ್ಟರ್ ಇದ್ದಾಗ ಇದೇ ಮೋಟಾರಿಗೆ ಅದೇ ಕೆಪಾಸಿಟರ್ ಇತ್ತಲ್ಲ? ಆಗ ಏನೂ ಆಗಲಿಲ್ಲ. ಮೈಸೂರು ಸೇರಿದ ಮೇಲೆ ನಿನಗೆ ಎಲ್ಲಕ್ಕೂ ಭಯ.

ನಾನು: ಆಗ ಲೈನಿನ 50 ಹರ್ಟ್ಸ್ ಕರೆಂಟ್ ನೇರವಾಗಿ ಬರುತ್ತಿತ್ತು ಚಿಕ್ಕಪ್ಪ. ಈಗ ಡ್ರೈವ್ ಅದನ್ನು ಡಿಸಿ ಮಾಡಿ, ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕಳಿಸುತ್ತದೆ. ಪ್ರತಿ ತುಂಡಿಗೂ ಕೆಪಾಸಿಟರ್ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಡ್ರೈವ್ ಟ್ರಿಪ್ ಆದರೆ ಪುಣ್ಯ, ಇಲ್ಲದಿದ್ದರೆ ಕರೆಂಟ್ ಕತ್ತರಿಸುವ ಒಳಗಿನ ಸ್ವಿಚ್ಚು, ಐಜಿಬಿಟಿ, ಢಮಾರ್.

ಅಕ್ಕ: ಹಾಗಾದರೆ ಡ್ರೈವ್‌ಗೆ ಕೆಪಾಸಿಟರೇ ಬೇಡವಾ?

ನಾನು: ಒಳಗೇ ಇದೆ ಅಕ್ಕಾ. ಸ್ಟಾರ್ಟರ್ ಇದ್ದಾಗ ಹೊರಗಿನ ಕೆಪಾಸಿಟರ್ ಕೊಡುತ್ತಿದ್ದ, ಮೋಟಾರಿನ ಮ್ಯಾಗ್ನೆಟ್ಟಿಗೆ ಬೇಕಾದ ಕರೆಂಟ್ ಈಗ ಅಲ್ಲೇ ಓಡಾಡಿಕೊಂಡಿರುತ್ತದೆ, ಲೈನಿಗೆ ಬರುವುದಿಲ್ಲ. ಲೈನಿನಲ್ಲಿರುವ ತೊಂದರೆಯೇ ಬೇರೆ. ಡ್ರೈವ್ ಕರೆಂಟನ್ನು ಒಂದೇ ಸಮ ಎಳೆಯದೆ ಚೂಪುಚೂಪಾಗಿ ಎಳೆಯುತ್ತದೆ. ದುಡ್ಡು ಹಾಕಲೇಬೇಕು ಅಂದರೆ ಡ್ರೈವ್‌ಗೆ ಬರುವ ಲೈನಿನಲ್ಲಿ ಒಂದು ಚೋಕ್ ಹಾಕಿಸಿ.

ದೊಡ್ಡಮ್ಮ: ಟ್ಯೂಬ್‌ಲೈಟ್ ಚೋಕಾ? 😄

ನಾನು: ಅದರ ದೊಡ್ಡಣ್ಣ! ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿರುತ್ತಾರೆ, ಒಬ್ಬರೇ ಎತ್ತುವುದು ಕಷ್ಟ. ಕರೆಂಟ್ ದಿಢೀರನೆ ಏರಲು ಬಿಡುವುದಿಲ್ಲ.

ದೊಡ್ಡಮ್ಮ: (ಫೋಟೊ)

ನಾನು: ಅಯ್ಯೋ, ಡ್ರೈವನ್ನು ಕೊಪ್ಪರಿಗೆ ಒಲೆಯ ಗೋಡೆಗೇ ಹೊಡೆಸಿದ್ದೀರಾ? ಫ್ಯಾನಿನ ಜಾಲರಿ ತುಂಬಾ ಕಬ್ಬಿನ ಸಿಪ್ಪೆಯ ಪುಡಿ ಬೇರೆ. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಒಳಗಿನ ಕೆಪಾಸಿಟರ್ ಆಯಸ್ಸು ಹೆಚ್ಚುಕಡಿಮೆ ಅರ್ಧ. ಮೊದಲು ಆಚೆ ಗೋಡೆಗೆ ಹಾಕಿಸಿ.

ದೊಡ್ಡಪ್ಪ: ಸರಿ, ಈಗಲೇ ಮೇನ್ ಆಫ್ ಮಾಡಿ ಬಿಚ್ಚುತ್ತೇನೆ.

ನಾನು: ನೀವು ಮುಟ್ಟಬೇಡಿ! ಆಫ್ ಮಾಡಿದರೂ ಒಳಗೆ ಸುಮಾರು 585 ವೋಲ್ಟ್ ಡಿಸಿ ನಿಂತಿರುತ್ತದೆ. ಇಳಿಯಲು ಎಷ್ಟು ನಿಮಿಷ ಬೇಕು ಅಂತ ಮುಚ್ಚಳದ ಮೇಲೇ ಬರೆದಿರುತ್ತಾರೆ. ಅಷ್ಟು ಕಾದು, ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು. ಭಾನುವಾರ ನಾನೇ ಬರುತ್ತೇನೆ.

ದೊಡ್ಡಪ್ಪ: ಅಟ್ಟದ್ದನ್ನು ಸುಮ್ನೆ ಗುಜರಿಗೆ ಹಾಕಲಾ?

ನಾನು: ಯಾಕೆ? ಬೋರ್‌ವೆಲ್‌ಗೆ ಇನ್ನೂ ಸ್ಟಾರ್ಟರೇ ಇದೆ ಅಲ್ವಾ? ಅಳತೆ ಹೊಂದಿದರೆ ಅಲ್ಲಿ ಹಾಕೋಣ.

ಚಿಕ್ಕಪ್ಪ: ಅದು 7.5 ಎಚ್‌ಪಿ ಕಣೋ, ಅದಕ್ಕೆ ಬಿಲ್ಲೇ ಬರಲ್ಲ!