ಡಿಎನ್‌ಎ 'ನಕಲು' ಅನ್ನಬೇಕಾ, 'ದುಪ್ಪಟ್ಟು' ಅನ್ನಬೇಕಾ?

ತೊಗರಿಯ ನೆಟೆ ರೋಗದ ಬಗ್ಗೆ ಕಲಬುರಗಿ ಭಾಗದ ರೈತರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಒಣಗಿದ ಗಿಡದೊಳಗೆ ಇರುವುದು ಫ್ಯುಸೇರಿಯಂ ಉಡಂ ಅನ್ನುವ ಶಿಲೀಂಧ್ರವೇ ಹೌದಾ ಅಂತ ಲ್ಯಾಬಿನಲ್ಲಿ ಪಿಸಿಆರ್ ಮಾಡಿ, ಅಂದ್ರೆ ಡಿಎನ್‌ಎಯ ಒಂದು ತುಂಡನ್ನು ಮತ್ತೆ ಮತ್ತೆ ಹೆಚ್ಚಿಸಿ ನೋಡಬಹುದು. ಆ ಪುಟ ಬರೆಯುವಾಗ ಹೀಗೆ ಹೆಚ್ಚಿಸುವುದಕ್ಕೆ ಯಾವ ಪದ ಬಳಸಲಿ ಅನ್ನೋದು ಕಾಡುತ್ತಿದೆ. ತಿಳಿದವರು ಹೇಳಿ.

ಕೈಗೆ ಸುಲಭಕ್ಕೆ ಸಿಗುವುದು 'ನಕಲು'. ಆದರೆ ನಮ್ಮ ಕಡೆ ನಕಲು ಅಂದ್ರೆ ಪರೀಕ್ಷೆಯಲ್ಲಿ ಹೊಡೆಯೋದು. 'ನಕಲಿ' ಅಂದ್ರೆ ಬಿತ್ತಿದರೂ ಮೊಳೆಯದ ಬೀಜ. ಆಳಂದದ ಹಿರಿಯರೊಬ್ಬರಿಗೆ ಕರಡು ಓದಿ ಹೇಳಿದೆ. ಅವರು ಕೇಳಿದ್ದು: "ನಕಲ್ ಮಾಡಿ ನೋಡ್ತಾರಂದ್ರ ಖರೇ ರೋಗ ಹ್ಯಾಂಗ ಗೊತ್ತಾಗ್ತದ್ರಿ?" ನ್ಯಾಯವಾದ ಪ್ರಶ್ನೆ ಅಲ್ವಾ?

ಪಿಸಿಆರ್‌ನಲ್ಲಿ ಆಗೋ ಕೆಲಸ ಇದು. ಬೆರಳ ತುದಿಯಷ್ಟು ಟ್ಯೂಬಿನಲ್ಲಿ ಗಿಡದಿಂದ ತೆಗೆದ ಡಿಎನ್‌ಎ, ಡಿಎನ್‌ಎ ಕಟ್ಟುವ ಎ-ಟಿ-ಜಿ-ಸಿ ಅನ್ನುವ ಬಿಡಿ ಅಕ್ಷರಗಳು, ಈ ಶಿಲೀಂಧ್ರದ ಡಿಎನ್‌ಎಗೆ ಹೊಂದುವಂತೆ ಮಾಡಿದ ಪ್ರೈಮರ್ ಅನ್ನುವ ಚಿಕ್ಕ ತುಣುಕುಗಳು, ಒಂದು ಕಿಣ್ವ. ಯಂತ್ರ 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡೂ ಎಳೆ ಬಿಟ್ಟುಕೊಳ್ಳುತ್ತವೆ. 55ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್‌ಗಳು ತಮಗೆ ಹೊಂದುವ ಜಾಗ ಹುಡುಕಿ ಕೂರುತ್ತವೆ. 72ರಲ್ಲಿ ಕಿಣ್ವ ಅಲ್ಲಿಂದ ಮುಂದಕ್ಕೆ ಜೊತೆ ಎಳೆ ಹೆಣೆಯುತ್ತದೆ. ಒಂದಿದ್ದದ್ದು ಎರಡಾಯಿತು. ಮತ್ತೆ 95. ಹೀಗೆ 30 ಸುತ್ತು ಹಾಕಿದರೆ ಲೆಕ್ಕದ ಪ್ರಕಾರ ಒಂದು ತುಣುಕು 107 ಕೋಟಿ ದಾಟುತ್ತದೆ. ನಿಜದಲ್ಲಿ ಅಷ್ಟು ಆಗಲ್ಲ, ಕೊನೆಕೊನೆಗೆ ವೇಗ ತಗ್ಗುತ್ತದೆ.

ಇಲ್ಲಿ ಎರಡು ಮಾತು ಗಮನಿಸಿ. ಹೊಸ ಎಳೆ ಹಳೆಯದರ ಪಡಿಯಚ್ಚು ಅಲ್ಲ, ಅದರ ಜೋಡಿ. ಎ ಎದುರು ಟಿ, ಜಿ ಎದುರು ಸಿ. ಇನ್ನೊಂದು, ಇಡೀ ಡಿಎನ್‌ಎ ಏನೂ ಹೆಚ್ಚಲ್ಲ. ಎರಡು ಪ್ರೈಮರ್‌ಗಳ ನಡುವಿನ ತುಂಡು ಮಾತ್ರ. ಶಿಲೀಂಧ್ರ ಇಲ್ಲದಿದ್ದರೆ ಪ್ರೈಮರ್‌ಗೆ ಕೂರಲು ಜಾಗವೇ ಇಲ್ಲ, ಏನೂ ಹೆಚ್ಚಲ್ಲ. ಆಳಂದದವರ ಪ್ರಶ್ನೆಗೆ ಉತ್ತರ ಇದೇ. 'ನಕಲು' ಇದ್ಯಾವುದನ್ನೂ ಹೇಳಲ್ಲ.

ಪಠ್ಯಪುಸ್ತಕದ 'ವರ್ಧನೆ' ತಪ್ಪಲ್ಲ, ಆದರೆ ಸಪ್ಪೆ. ನನ್ನ ಒಲವು 'ದುಪ್ಪಟ್ಟು ಮಾಡುವುದು' ಕಡೆಗೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರುವವರಿಗೆ ದುಪ್ಪಟ್ಟು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಪ್ರತಿ ಸುತ್ತಿನಲ್ಲಿ ಆಗುವುದೂ ಅದೇ. ಆದರೆ 30 ಸುತ್ತಿನ ಇಡೀ ಕೆಲಸಕ್ಕೆ ಇದೊಂದೇ ಪದ ಸಾಕಾ? ಅಥವಾ 'ಪ್ರತಿ ತೆಗೆಯುವುದು' ಅಂತ ಜೊತೆಗೆ ಸೇರಿಸಬೇಕಾ?

'ತದ್ರೂಪಿ'ಯನ್ನು (ಕ್ಲೋನ್) ಇಲ್ಲಿಗೆ ಎಳೆಯೋದು ಬೇಡ. ಅದು ಬ್ಯಾಕ್ಟೀರಿಯಾದೊಳಗೆ ಜೀನ್ ಸೇರಿಸಿ ಬೆಳೆಸುವ ಬೇರೆ ದಾರಿಗಿರಲಿ. 1973ರಲ್ಲಿ ಕೋಹೆನ್, ಬಾಯರ್ ಅನ್ನುವ ವಿಜ್ಞಾನಿಗಳು ಮಾಡಿ ತೋರಿಸಿದ್ದು ಅದು. ಅಮೆರಿಕದ ವಿಜ್ಞಾನಿ ಕ್ಯಾರಿ ಮುಲ್ಲಿಸ್‌ಗೆ ಪಿಸಿಆರ್ ಹೊಳೆದದ್ದು 1983ರಲ್ಲಿ. ಮೊದಮೊದಲು ಕಾಯಿಸಿದಾಗಲೆಲ್ಲ ಕಿಣ್ವ ಕೆಡುತ್ತಿತ್ತು, ಸುತ್ತಿಗೊಮ್ಮೆ ಹೊಸದಾಗಿ ಹಾಕಬೇಕಿತ್ತು. ಆಮೇಲೆ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಟ್ಯಾಕ್ ಕಿಣ್ವ ಬಂತು. ಅದು ಬಿಸಿಗೆ ಜಗ್ಗಲ್ಲ.

ಪ್ರೈಮರ್ ಅಂದ್ರೆ ನಮ್ಮಲ್ಲಿ ಗೋಡೆಗೆ ಬಣ್ಣಕ್ಕೂ ಮೊದಲು ಬಳಿಯೋದು. ಆದರೂ ಅದನ್ನು ಹಾಗೇ ಬಿಡುತ್ತೇನೆ, ಲ್ಯಾಬಿನವರೂ ಹಾಗೇ ಅನ್ನೋದು. ದುಪ್ಪಟ್ಟಿನ ವಿಷಯ ಮಾತ್ರ ಹೇಳಿ. ಬೀದರ್, ಯಾದಗಿರಿ ಕಡೆಯವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ಅದನ್ನೂ ತಿಳಿಸಿ.