ಪದಚರ್ಚೆ: ‘ನೇರನುಡಿ’ಯೋ ‘ನಿಷ್ಠುರ’ವೋ? ಒಬ್ಬ ಕೋಚ್ ಆಡಿದ ಮಾತಿಗೆ ಕನ್ನಡದಲ್ಲಿ ಹೆಸರೇನು?

ಮಾನ್ಯರೇ,

‘ನಿಷ್ಠುರ’ ಎಂಬ ಪದದ ಬಳಕೆಯ ಬಗ್ಗೆ ಬಲ್ಲವರಿಂದ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಹುಟ್ಟಿದ್ದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಒಂದು ಪ್ರಸಂಗದಿಂದ. ಮಾತನ್ನು ಯಾರು, ಯಾರ ಬಗ್ಗೆ, ಯಾರೆದುರು ಆಡಿದರು ಎಂಬುದರ ಮೇಲೆಯೇ ಪದದ ಆಯ್ಕೆ ನಿಂತಿರುವುದರಿಂದ ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

2024ರ ಫೆಬ್ರವರಿ 18ರ ಭಾನುವಾರ, ನಾವು ವಾಸವಾಗಿರುವ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ತಂಡವು ನೆರೆಯ ನ್ಯೂಜೆರ್ಸಿಯ ಸೀಟನ್ ಹಾಲ್ ತಂಡದ ಎದುರು ಮೊದಲರ್ಧದಲ್ಲಿ 19 ಅಂಕಗಳಷ್ಟು ಮುಂದಿದ್ದೂ ಕೊನೆಗೆ 62–68ರಲ್ಲಿ ಸೋತಿತು. ಹತ್ತು ಪಂದ್ಯಗಳಲ್ಲಿ ಅದು ಎಂಟನೆಯ ಸೋಲು. ತಂಡದ ಕೋಚ್ ರಿಕ್ ಪಿಟಿನೊ ಸಾಮಾನ್ಯರಲ್ಲ. 1996ರಲ್ಲಿ ಕೆಂಟಕಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು. 2013ರಲ್ಲಿ ಲೂಯಿವಿಲ್ ತಂಡಕ್ಕೂ ಗೆದ್ದುಕೊಟ್ಟಿದ್ದರು, ಆದರೆ ನಿಯಮಭಂಗದ ಕಾರಣಕ್ಕೆ ಆ ಪ್ರಶಸ್ತಿ 2018ರಲ್ಲಿ ರದ್ದಾಯಿತು. ಸೇಂಟ್ ಜಾನ್ಸ್‌ಗೆ ಅವರು ಬಂದದ್ದು 2023ರ ಮಾರ್ಚ್‌ನಲ್ಲಿ; ಅಂದು ಸೋತ ತಂಡದ ಬಹುಪಾಲು ಆಟಗಾರರು ಅವರೇ ಆರಿಸಿ ತಂದವರು. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ.

ಪಂದ್ಯದ ನಂತರ ಪತ್ರಕರ್ತರ ಮುಂದೆ ಕುಳಿತ ಪಿಟಿನೊ ದನಿ ಏರಿಸದೆ, ಮುಖ ಕೆಂಪಾಗಿಸದೆ, ಲೆಕ್ಕ ಒಪ್ಪಿಸುವವರಂತೆ ಮಾತನಾಡಿದರು. ತಮ್ಮ ಬಾಳಿನಲ್ಲೇ ಇಷ್ಟು ಸುಖವಿಲ್ಲದ ಅನುಭವ ಆಗಿರಲಿಲ್ಲ ಎಂದರು. ತಮ್ಮ ಆಟದ ರೀತಿಗೆ ತೀರಾ ವಿರುದ್ಧವಾದ ಆಟಗಾರರನ್ನು ಆರಿಸಿಕೊಂಡಾಗಲೇ ಈ ಋತುವನ್ನು ಕಳೆದುಕೊಂಡೆವು ಎಂದರು. ಬಳಿಕ ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರಿಸಿ, ಇಂಥವನು ಪಕ್ಕಕ್ಕೆ ಸರಿಯುವುದರಲ್ಲಿ ನಿಧಾನ, ಇಂಥವನೂ ನಿಧಾನ, ಇನ್ನೊಬ್ಬನಿಗೆ ದೇಹಬಲ ಸಾಲದು ಎಂದು ಪಟ್ಟಿ ಮಾಡಿದರು. ಮರುದಿನದ ಹೊತ್ತಿಗೆ ಅಭಿಮಾನಿಗಳು ಎರಡು ಪಾಳಯವಾಗಿದ್ದರು. ಇದ್ದದ್ದನ್ನು ಹೇಳುವ ಧೈರ್ಯ ಒಬ್ಬರಿಗಾದರೂ ಬಂತಲ್ಲ ಎಂದು ಕೆಲವರು ಮೆಚ್ಚಿದರು. ತಾನೇ ಆರಿಸಿದ ಹುಡುಗರ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಂಡರು ಎಂದು ಉಳಿದವರು ಸಿಟ್ಟಾದರು.

ನಮ್ಮೊಂದಿಗಿರುವ ತಂದೆಯವರು ಅರಸೀಕೆರೆಯ ಕಡೆಯವರು, ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವರು. ಟೀವಿಯಲ್ಲಿ ಆ ಮಾತುಗಳನ್ನು ನೋಡಿ, ಪೂರ್ತಿ ತಿಳಿಯದೆ, “ಏನಂತೆ? ಬೈದನಾ?” ಎಂದು ಕೇಳಿದರು. ಬೈಯಲಿಲ್ಲ, ಹುಡುಗರು ಪಕ್ಕಕ್ಕೆ ಸರಿಯುವುದು ನಿಧಾನ ಎಂದರು ಎಂದೆ. ಅವರಿಗೆ ಅದು ಸ್ಪಷ್ಟವಾಗಲಿಲ್ಲ. ನಾನು ಎದ್ದು ನಿಂತು, ಮಂಡಿ ಬಗ್ಗಿಸಿ, ಕೈ ಅಗಲಿಸಿ, ಎದುರಾಳಿ ಯಾವ ಕಡೆ ಹೊರಟರೂ ಕಾಲಿಗೆ ಕಾಲು ತಾಕಿಸದೆ ಏಡಿಯ ಹಾಗೆ ಅಡ್ಡಡ್ಡ ಸರಿದು ದಾರಿ ಕಟ್ಟುವುದನ್ನು ಸೋಫಾ ಮತ್ತು ಊಟದ ಮೇಜಿನ ನಡುವೆ ಮಾಡಿ ತೋರಿಸಿದೆ. “ಓಹೋ, ಪಕ್ಕಕ್ಕೆ ಕಾಲು ಕೀಳಲ್ಲ ಅಂತ” ಎಂದರು. ನಾನು ಎರಡು ದಿನ ಹುಡುಕಿದ್ದರೂ ಸಿಗುತ್ತಿರಲಿಲ್ಲ, ಅಷ್ಟು ಚೊಕ್ಕವಾದ ಅನುವಾದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗರ ಹತ್ತಿರ ಸುಮ್ಮಸುಮ್ಮನೆ ನಿಷ್ಠುರ ಕಟ್ಕೊಂಡ” ಎಂದರು.

ಆ ವಾಕ್ಯವೇ ನನ್ನನ್ನು ಈ ಚರ್ಚೆಗೆ ತಂದಿದೆ. ಇಲ್ಲಿನ ಕೆಲವು ಕನ್ನಡಿಗ ಮಿತ್ರರಿಗಾಗಿ ಈ ಪ್ರಸಂಗವನ್ನು ಕನ್ನಡದಲ್ಲಿ ಬರೆಯುವಾಗ ನಾನು ಮೊದಲು ಬಳಸಿದ್ದು ‘ನೇರನುಡಿ’. ನಮ್ಮ ಪತ್ರಿಕೆಗಳಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡುವವರನ್ನು ನೇರನುಡಿಯ ವ್ಯಕ್ತಿ ಎನ್ನುವುದು ರೂಢಿ, ಮತ್ತು ಅದು ಬಹುಮಟ್ಟಿಗೆ ಮೆಚ್ಚುಗೆಯ ಮಾತೇ. ಆದರೆ ‘ನೇರ’ ಎಂಬುದರಲ್ಲಿ ಒಂದು ದಿಕ್ಕು ಇದೆ. ಮಾತು ಹೇಳುವವರ ಬಾಯಿಂದ ಹೊರಟು ಅದು ಸಲ್ಲಬೇಕಾದವರ ಕಿವಿಗೆ, ಮಧ್ಯೆ ಎಲ್ಲೂ ಬಳಸದೆ, ತಲುಪಬೇಕು. ಪಿಟಿನೊ ಅವರ ಎದುರಿಗೆ ಕುಳಿತಿದ್ದವರು ಪತ್ರಕರ್ತರು. ಮಾತು ಸಲ್ಲಬೇಕಾಗಿದ್ದದ್ದು ಹುಡುಗರಿಗೆ. ಡ್ರೆಸ್ಸಿಂಗ್ ಕೋಣೆಯಲ್ಲಿ ಅವರ ಮುಖ ನೋಡಿಕೊಂಡು ಇದೇ ಮಾತನ್ನು ಹೇಳಿದ್ದರೆ ಅದು ನೇರನುಡಿ ಆಗುತ್ತಿತ್ತೆಂದು ನನಗನ್ನಿಸುತ್ತದೆ. ಊರಿನ ಮುಂದೆ ಹೇಳಿದ ಕೂಡಲೇ ಅದು ಮನೆಯ ಮಾತನ್ನು ಬೀದಿಗೆ ತಂದಂತಾಯಿತು. ಒಳಗಿರುವುದನ್ನು ಬಚ್ಚಿಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ‘ನೇರ’ ಎನ್ನುವುದು ಪದವನ್ನು ಸಡಿಲಗೊಳಿಸಿದಂತೆ.

ಹಾಗಿದ್ದರೆ ‘ಬಿಚ್ಚುಮಾತು’ ಆಗಬಹುದೇ? ನನ್ನ ಕಿವಿಗೆ ಬಿಚ್ಚುಮಾತು ಎಂದರೆ ಆಡುವವರು ತಮ್ಮದೇ ಮನಸ್ಸನ್ನು ಬಿಚ್ಚುವುದು. ಬಾಳಿನಲ್ಲೇ ಸುಖವಿಲ್ಲದ ಅನುಭವ ಎಂದ ಭಾಗಕ್ಕೆ, ಆಟಗಾರರನ್ನು ಆರಿಸಿದ್ದರಲ್ಲೇ ತಪ್ಪಾಯಿತು ಎಂದ ಭಾಗಕ್ಕೆ ಆ ಪದ ಚೆನ್ನಾಗಿ ಒಪ್ಪುತ್ತದೆ. ಹೆಸರು ಹಿಡಿದು ಪಟ್ಟಿ ಮಾಡಿದ ಭಾಗಕ್ಕೆ ಒಪ್ಪುವುದಿಲ್ಲ. ಅಲ್ಲಿ ಬಿಚ್ಚಿಟ್ಟದ್ದು ಇನ್ನೊಬ್ಬರ ಕೊರತೆಯನ್ನು. ಹಾಗೆಯೇ ‘ಕಡ್ಡಿ ಮುರಿದಂತೆ ಹೇಳಿದರು’, ‘ಖಡಾಖಂಡಿತವಾಗಿ ಹೇಳಿದರು’ ಎಂಬ ಪ್ರಯೋಗಗಳು ಒಂದು ನಿರ್ಧಾರವನ್ನೋ ನಿರಾಕರಣೆಯನ್ನೋ ಬೇಡುತ್ತವೆ. ಅವಕ್ಕೆ ತಕ್ಕ ಉದಾಹರಣೆ ಇದೇ ಆಟದಲ್ಲಿ ಬೇರೆ ಇದೆ. 2009ರ ಫೆಬ್ರವರಿಯಲ್ಲಿ, ಕನೆಕ್ಟಿಕಟ್ ರಾಜ್ಯದ ಬೊಕ್ಕಸ ಕೊರತೆಯಲ್ಲಿದ್ದಾಗ, ರಾಜ್ಯ ವಿಶ್ವವಿದ್ಯಾಲಯದ ಕೋಚ್ ಜಿಮ್ ಕಾಲ್ಹೂನ್ ಅವರನ್ನು ಸುಮಾರು 16 ಲಕ್ಷ ಡಾಲರ್ ಸಂಬಳದಲ್ಲಿ ಸ್ವಲ್ಪವಾದರೂ ಹಿಂದಿರುಗಿಸುತ್ತೀರಾ ಎಂದು ಕೇಳಿದಾಗ, ಒಂದು ಬಿಡಿಗಾಸೂ ಇಲ್ಲ ಎಂದರು. ಅದು ಕಡ್ಡಿ ಮುರಿದ ಮಾತು. ರಾಜ್ಯದ ಗವರ್ನರ್ ಅವರೇ ಆ ವರ್ತನೆಯನ್ನು ಮುಜುಗರ ತರುವಂಥದ್ದು ಎಂದರು. ಆದರೂ ಕಾಲ್ಹೂನ್ ಆಡಿದ್ದು ತಮ್ಮ ಹಣದ ಬಗ್ಗೆ, ಕೇಳಿದವರ ಮುಖಕ್ಕೇ.

ಈಗ ‘ನಿಷ್ಠುರ’ಕ್ಕೆ ಬರುತ್ತೇನೆ. ಸಂಸ್ಕೃತದಲ್ಲಿ ಅದು ಗಡಸು, ಕಠೋರ, ಒರಟು ಎಂಬ ಅರ್ಥದ ಪದ. ‘ನಿಷ್ಠುರವಾದ ಮಾತು’ ಎಂದಾಗ ನಾವೂ ಆ ಅರ್ಥದಲ್ಲೇ ಬಳಸುತ್ತೇವೆ. ಆದರೆ ಆಡುಗನ್ನಡದಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ‘ಅವರ ಹತ್ತಿರ ನಿಷ್ಠುರ ಆಗಬೇಡ’, ‘ಯಾಕೆ ನಿಷ್ಠುರ ಕಟ್ಟಿಕೊಳ್ಳಬೇಕು’, ‘ಎಲ್ಲರಿಗೂ ನಿಷ್ಠುರನಾದೆ’ ಎನ್ನುವಾಗ ನಾವು ಹೇಳುತ್ತಿರುವುದು ಮಾತಿನ ಗಡಸುತನವನ್ನಲ್ಲ, ಮಾತಿನಿಂದ ಸಂಬಂಧದಲ್ಲಿ ಉಂಟಾದ ಬಿರುಕನ್ನು. ಅಷ್ಟೇ ಅಲ್ಲದೆ ಆ ಬಿರುಕಿನ ಭಾರ ಆಡಿದವರ ತಲೆಯ ಮೇಲೆ ಬರುತ್ತದೆ. ನಿಷ್ಠುರವನ್ನು ಕಟ್ಟಿಕೊಳ್ಳುವವರು ಅವರು, ಕೇಳಿಸಿಕೊಂಡವರಲ್ಲ. ಇಷ್ಟನ್ನು ಒಂದೇ ಪದದಲ್ಲಿ ಹಿಡಿಯುವ ಭಾಷೆ ನಮ್ಮದು ಎಂಬುದು ನನಗೆ ನಿಜಕ್ಕೂ ಸಂತೋಷದ ವಿಷಯ. ಇಲ್ಲಿನ ಅಭಿಮಾನಿಗಳು ದಿನಗಟ್ಟಲೆ ವಾದಿಸಿದ್ದು ಪಿಟಿನೊ ಹೇಳಿದ್ದು ಸತ್ಯವೇ ಅಲ್ಲವೇ ಎಂದಲ್ಲ. ಆ ಹುಡುಗರು ಪಕ್ಕಕ್ಕೆ ಸರಿಯುವುದು ನಿಧಾನವೆಂದು ಸಿಟ್ಟಾದವರಿಗೂ ಗೊತ್ತಿತ್ತು. ಉಳಿದ ಪಂದ್ಯಗಳನ್ನು ಅದೇ ಹುಡುಗರನ್ನು ಕಟ್ಟಿಕೊಂಡು ಹೇಗೆ ಆಡಿಸುತ್ತಾರೆ ಎಂಬುದು ಅವರ ಆತಂಕವಾಗಿತ್ತು. ಅದನ್ನು ತಂದೆಯವರ ವಾಕ್ಯ ಒಂದೇ ಏಟಿಗೆ ಹೇಳಿತ್ತು.

ಇನ್ನೊಂದು ಸೂಕ್ಷ್ಮವನ್ನೂ ಅವರೇ ತೋರಿಸಿದರು. ಹುಡುಗರು ಮನಸ್ಸಿಟ್ಟು ಆಡಲಿಲ್ಲ ಎಂದಿದ್ದರೆ ಅದು ಬೈಗುಳ, ಅದನ್ನು ಮೇಷ್ಟ್ರು ಯಾವಾಗ ಬೇಕಾದರೂ ಬೈಯಬಹುದು. ಆಡುವುದಕ್ಕೆ ನಿಮ್ಮ ಕಾಲೇ ಸಾಲದು ಎಂದರೆ ಅದು ಹಳಿಯುವುದು ಎಂದರು. ಬೈ, ಗದರು, ಜರೆ, ಹಳಿ, ಹೀಗಳೆ, ಮೂದಲಿಸು ಎಂಬ ಕ್ರಿಯಾಪದಗಳನ್ನು ನಾವು ಒಂದರ ಬದಲು ಒಂದು ಬಳಸಿಬಿಡುತ್ತೇವೆ. ಆದರೆ ಬೈಗುಳ ತಿದ್ದಿಕೊಳ್ಳಲು ಜಾಗ ಬಿಡುತ್ತದೆ, ಹಳಿಯುವುದು ಬಿಡುವುದಿಲ್ಲ ಎಂಬ ಈ ಭೇದ ಹಿರಿಯರ ಮಾತಿನಲ್ಲಿ ಇನ್ನೂ ಗಟ್ಟಿಯಾಗಿದೆ. ಪಿಟಿನೊ ಆಮೇಲೆ, ಆಟಗಾರರನ್ನು ಹಳಿಯುವುದು ತಮ್ಮ ಉದ್ದೇಶವಾಗಿರಲಿಲ್ಲ ಎಂಬರ್ಥದ ಸಮಜಾಯಿಷಿ ಕೊಟ್ಟರು. ಕೋಪದಿಂದ ಆಡಲಿಲ್ಲ ಎಂಬುದು ಅವರ ವಾದ. ಕನ್ನಡದ ಲೆಕ್ಕದಲ್ಲಿ ಆ ವಾದ ಅಷ್ಟಾಗಿ ನಿಲ್ಲುವುದಿಲ್ಲ, ಏಕೆಂದರೆ ಕೋಪವಿಲ್ಲದೆಯೂ ಹಳಿಯಬಹುದು. ಬೈಯುವುದಕ್ಕೇ ಕೋಪ ಬೇಕು.

ಮೇಷ್ಟ್ರು ಎಂದೆನಲ್ಲ, ಅದನ್ನೂ ಒಂದು ಮಾತಿನಲ್ಲಿ ಕೇಳಿಬಿಡುತ್ತೇನೆ. ಇಲ್ಲಿ ಆಟಗಾರರು ಅವರನ್ನು ಹೆಸರು ಹಿಡಿಯದೆ ‘ಕೋಚ್’ ಎಂದೇ ಕರೆಯುತ್ತಾರೆ. ‘ತರಬೇತುದಾರ’ ಎಂಬುದು ಹುದ್ದೆಯ ಹೆಸರಾದೀತು, ಕರೆಯುವ ಹೆಸರಾಗದು; ‘ತರಬೇತುದಾರರೇ’ ಎಂದು ಯಾವ ಹುಡುಗನೂ ಕರೆದದ್ದನ್ನು ನಾನು ಕೇಳಿಲ್ಲ. ಆ ಜಾಗದಲ್ಲಿ ನಮ್ಮಲ್ಲಿದ್ದದ್ದು ಪಿ.ಟಿ. ಮೇಷ್ಟ್ರು. ಪಿಟಿನೊ ಅವರ ಪರವಾಗಿ ಮಾತನಾಡಿದವರು ಅವರನ್ನು ಮೇಷ್ಟ್ರೆಂದು ಕಂಡರು, ವಿರೋಧಿಸಿದವರು ದೊಡ್ಡ ಸಂಬಳದ ನೌಕರರೆಂದು ಕಂಡರು ಎಂದು ನನಗೆ ತೋರುತ್ತದೆ.

ಅಭಿಮಾನಿ ಎಂಬ ಪದದ ಮೇಲೂ ಈ ಪ್ರಸಂಗ ಬೆಳಕು ಚೆಲ್ಲುತ್ತದೆ. ಇಂಗ್ಲಿಷಿನ ‘ಫ್ಯಾನ್’ ಎಂಬುದು ‘ಫೆನಾಟಿಕ್’ ಎಂಬುದರ ಮೊಟಕು ರೂಪವೆಂದೂ, ಅದರ ಬೇರು ಗುಡಿ ಎಂಬರ್ಥದ ಲ್ಯಾಟಿನ್ ಪದವೆಂದೂ ಸಾಮಾನ್ಯವಾಗಿ ಒಪ್ಪಿದ್ದಾರೆ. ಅಂದರೆ ಮೈಮೇಲೆ ದೇವರು ಬಂದವನು. ನಮ್ಮ ‘ಅಭಿಮಾನ’ದ ದಾರಿಯೇ ಬೇರೆ. ಸಾಂಖ್ಯ, ವೇದಾಂತಗಳ ಪರಿಭಾಷೆಯಲ್ಲಿ ಅದು ನಾನು, ನನ್ನದು ಎಂಬ ಭಾವ. ಸ್ವಾಭಿಮಾನ, ದುರಭಿಮಾನ, ದೇಹಾಭಿಮಾನ ಎಲ್ಲದರಲ್ಲೂ ಅದೇ ಇದೆ. ತಂಡ ಗೆದ್ದಾಗ ‘ಗೆದ್ದೆವು’ ಎನ್ನುವವನು ಅಭಿಮಾನಿ. ಆಟಗಾರನ ಕಾಲು ನಿಧಾನ ಎಂದರೆ ತನ್ನನ್ನೇ ಅಂದಂತೆ ಅವನಿಗೆ ನೋಯುವುದು ಅದರಿಂದಲೇ ಇರಬೇಕು. ಪಿಟಿನೊ ಅವರಿಗೂ ಇದು ಹೊಸತಲ್ಲ. ಬಾಸ್ಟನ್‌ನ ವೃತ್ತಿಪರ ತಂಡ ಸೆಲ್ಟಿಕ್ಸ್‌ಗೆ ಕೋಚ್ ಆಗಿದ್ದಾಗ, 2000ದ ಮಾರ್ಚ್‌ನಲ್ಲಿ ಒಂದು ಸೋಲಿನ ನಂತರ, ಹಳೆಯ ವೈಭವವನ್ನೇ ನೆನೆಯುತ್ತಿದ್ದ ಅಭಿಮಾನಿಗಳನ್ನು ಸಂಬೋಧಿಸಿಯೇ, ತಂಡದ ಹಿಂದಿನ ಮಹಾನ್ ಆಟಗಾರ ಲ್ಯಾರಿ ಬರ್ಡ್ ಆ ಬಾಗಿಲಿನಿಂದ ನಡೆದು ಬರುವುದಿಲ್ಲ, ಬಂದರೂ ತಲೆ ನರೆತಿರುತ್ತದೆ ಎಂದಿದ್ದರು. ಆ ಬಾಗಿಲಿನ ಮಾತು ಇಂದಿಗೂ ಇಲ್ಲಿ ನಾಣ್ನುಡಿಯಂತೆ ಓಡಾಡುತ್ತಿದೆ. ಅದನ್ನು ನಾನು ಹಿಂಜರಿಯದೆ ನೇರನುಡಿ ಎನ್ನುತ್ತೇನೆ. ಅದು ಯಾರಿಗೆ ಸಲ್ಲಬೇಕಾಗಿತ್ತೋ ಅವರನ್ನೇ ಕರೆದು ಹೇಳಿದ್ದು.

ಸೇಂಟ್ ಜಾನ್ಸ್ ತಂಡ ಆ ಮಾತಿನ ನಂತರ ಋತುವಿನ ಉಳಿದ ಐದು ಪಂದ್ಯಗಳನ್ನೂ, ಈ ಎರಡೂ ತಂಡಗಳಿರುವ ‘ಬಿಗ್ ಈಸ್ಟ್’ ಎಂಬ ಕಾಲೇಜು ತಂಡಗಳ ಒಕ್ಕೂಟದ ಟೂರ್ನಿಯಲ್ಲಿ ಅದೇ ಸೀಟನ್ ಹಾಲ್ ವಿರುದ್ಧದ ಪಂದ್ಯವನ್ನೂ ಗೆದ್ದಿತು. ಹೊಸ ಆಟಗಾರರು ಸೇರಿದ ಮರುವರ್ಷ, ಅಂದರೆ 2025ರಲ್ಲಿ, 2000ದ ನಂತರ ಮೊದಲ ಬಾರಿಗೆ ಆ ಟೂರ್ನಿಯನ್ನೇ ಗೆದ್ದಿತು. ಇದನ್ನು ಮುಂದಿಟ್ಟುಕೊಂಡು, ಅಂದಿನ ಮಾತು ಆಟಗಾರರನ್ನು ಬಡಿದೆಬ್ಬಿಸಿತು ಎಂದು ಮೆಚ್ಚಿದ ಪಾಳಯ ಹೇಳುತ್ತದೆ. ‘ಯಥಾರ್ಥವಾದಿ ಲೋಕವಿರೋಧಿ’ ಎಂಬ ಗಾದೆ ಇಲ್ಲಿ ಹೊಂದುವುದೇ ಎಂದು ಯೋಚಿಸಿದೆ. ಪೂರ್ತಿ ಹೊಂದುವುದಿಲ್ಲ, ಲೋಕದ ಅರ್ಧ ಭಾಗ ಅವರ ಕಡೆಗೇ ಇತ್ತು.

ನನ್ನ ಪ್ರಶ್ನೆಗಳು ಇವು. ‘ನಿಷ್ಠುರ ಕಟ್ಟಿಕೊಳ್ಳುವುದು’, ‘ನಿಷ್ಠುರ ಆಗುವುದು’ ಎಂಬ ಬಳಕೆ ಹಳೆ ಮೈಸೂರಿನ ಕಡೆಯದಷ್ಟೇ ಅಥವಾ ಧಾರವಾಡ, ಕಲಬುರಗಿ, ಕರಾವಳಿಗಳಲ್ಲೂ ಇದೇ ಅರ್ಥದಲ್ಲಿ ಇದೆಯೇ? ಇಲ್ಲದಿದ್ದರೆ ಆ ಕಡೆ ಇದಕ್ಕೆ ಏನೆನ್ನುತ್ತಾರೆ? ಸಂಸ್ಕೃತದ ಗಡಸುತನದ ಅರ್ಥದಿಂದ ಕನ್ನಡದ ಮುನಿಸಿನ ಅರ್ಥಕ್ಕೆ ಈ ಪದ ಎಂದು ಹೊರಳಿತು ಎಂಬುದಕ್ಕೆ ಹಳೆಯ ಬರಹಗಳಲ್ಲಿ ಸಾಕ್ಷ್ಯ ಕಂಡವರಿದ್ದಾರೆಯೇ? ಸತ್ಯವನ್ನೇ ಆಡಿದರೂ ಸಲ್ಲಬೇಕಾದವರಿಗೆ ಆಡದೆ ಊರಿನ ಮುಂದೆ ಆಡಿದ ಮಾತಿಗೆ, ‘ಆಡಿಕೊಳ್ಳುವುದು’ ಎನ್ನುವಷ್ಟು ಕೀಳಲ್ಲದ, ‘ನೇರನುಡಿ’ ಎನ್ನುವಷ್ಟು ಮೇಲಲ್ಲದ ಒಂದು ಪದ ನಿಮ್ಮ ಊರಿನ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ. ತಂದೆಯವರಿಗೂ ಓದಿ ಹೇಳುತ್ತೇನೆ. ಉತ್ತರ ಬಂತೇ ಎಂದು ಅವರೂ ಕೇಳುತ್ತಿದ್ದಾರೆ.